ಹಣೆಯ ಮೇಲಿನ ಕೆಂಪು ಗೆರೆ

ಅಕ್ಕ ಮೊದಲ ಸಲ ಆಫೀಸಿಗೆ ಸೈಕಲ್ಲಿನಲ್ಲಿ ಬಂದ ದಿನ ವಾಚ್‌ಮನ್ ಅವರನ್ನು ಗೇಟಿನಲ್ಲೇ ತಡೆದು, "ಪಾರ್ಸೆಲ್ ಇಧರ್ ರಖೋ, ಅಂದರ್ ನಹೀಂ ಜಾನೇ ಕಾ" ಎಂದಿದ್ದ. ತಲೆಗೆ ನೀಲಿ ಹೆಲ್ಮೆಟ್, ಬಾಯಿಗೆ ಮಾಸ್ಕ್, ಬೆನ್ನಿಗೆ ಚೀಲ. ವರ್ಷಗಟ್ಟಲೆ ತಾನು ಸಲಾಮು ಹೊಡೆದ ಮೇಡಂ ಇವರೇ ಎಂದು ಅವನಿಗೆ ಹೊಳೆಯಲಿಲ್ಲ. ಅಕ್ಕ ಮಾಸ್ಕ್ ಇಳಿಸಿ, "ಪಾರ್ಸೆಲ್ ಮೈಂಚ್ ಹೂಂ. ಕಹಾಂ ರಖೂಂ, ಬೋಲೋ", ಪಾರ್ಸೆಲ್ ನಾನೇ, ಎಲ್ಲಿಡಲಿ ಹೇಳು, ಎಂದರಂತೆ. ಆಮೇಲೆ ಅವನೇ ಅವರ ಸೈಕಲ್ಲಿಗೆ ಜನರೇಟರಿನ ಪಕ್ಕ ನೆರಳಿನ ಜಾಗ ಮಾಡಿಕೊಟ್ಟ. ಅಕ್ಕ ನಿವೃತ್ತರಾಗುವವರೆಗೂ ಆ ಜಾಗದಲ್ಲಿ ಬೇರೆ ಗಾಡಿ ನಿಲ್ಲಲು ಬಿಡಲಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಇದನ್ನು ಬರೆಯಲೇ ಎಂದು ಫೋನಿನಲ್ಲಿ ಕೇಳಿದಾಗ, "ಹೆಸರ ಒಂದ ಬಿಟ್ಟು ಏನ ಬೇಕಾರ ಬರಿ. ಖರೇ ಇದ್ದದ್ದ ಬರಿ" ಎಂದರು. ಆಫೀಸಿನಲ್ಲಿ ಎಲ್ಲರಿಗೂ ಅವರು ಮೇಡಂ, ನನಗೊಬ್ಬಳಿಗೆ ಅಕ್ಕ. ಬಾಂದ್ರಾದ ನಮ್ಮ ವಿಮಾ ಕಚೇರಿಯ ಆ ಮಹಡಿಯಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ಅವರು ಗದಗಿನ ಕಡೆಯವರು, ಆಂಟಾಪ್ ಹಿಲ್‌ನಲ್ಲಿ ತಮ್ಮನ ಸಂಸಾರದ ಜೊತೆ ಇದ್ದರು, ಮದುವೆಯಾಗಿರಲಿಲ್ಲ. ನಾನು ಉಡುಪಿ ಕಡೆಯವಳು, ಚೆಂಬೂರಿನಲ್ಲೇ ಹುಟ್ಟಿ ಬೆಳೆದವಳು. ನನ್ನ ಕನ್ನಡ ಕೇಳಿದಾಗಲೆಲ್ಲ ಅವರು, "ನಿಂದು ಪೇಪರ್‌ನ್ಯಾಗಿನ ಕನ್ನಡ ಸುಮತಿ, ಓದಿದಂಗ ಆಗ್ತೈತಿ" ಎನ್ನುತ್ತಿದ್ದರು. "ನಿಮ್ಮದು ಜಗಳ ಮಾಡಿದ ಹಾಗೆ ಉಂಟು" ಎಂದು ನಾನು ಹೇಳಿದರೆ, "ಜಗಳಾ ಮಾಡಿದ್ರ ನಿನಗ ಗೊತ್ತಾಗ್ತೈತಿ ತಗೋ" ಎಂದು ನಗುತ್ತಿದ್ದರು.

ಅಕ್ಕ ನೋಡುತ್ತಿದ್ದುದು ರಸ್ತೆ ಅಪಘಾತದ ಕ್ಲೈಮುಗಳನ್ನು. ಕ್ಲೈಮಿಗೆ ಬಂದವರು ಗಂಡನನ್ನೋ ಮಗನನ್ನೋ ಕಳೆದುಕೊಂಡವರಾಗಿರುತ್ತಿದ್ದರು. ಅವರು ಮೇಜಿನ ಮುಂದೆ ನಿಂತುಕೊಂಡು ಮಾತಾಡುವುದು ಅಕ್ಕನಿಗೆ ಆಗುತ್ತಿರಲಿಲ್ಲ. ಕುರ್ಚಿ ಖಾಲಿ ಇಲ್ಲದಿದ್ದರೆ ತಾವೇ ಎದ್ದು ತಮ್ಮ ಕುರ್ಚಿ ಎಳೆದುಕೊಡುತ್ತಿದ್ದರು, ಮುಂದಿನ ಮಾತೆಲ್ಲ ನಿಂತುಕೊಂಡೇ. ಒಮ್ಮೆ ಮ್ಯಾನೇಜರು ಇದನ್ನು ನೋಡಿ, ಆಫೀಸರ್ ನಿಂತು ಪಬ್ಲಿಕ್ ಕೂರುವುದು ಚೆನ್ನಾಗಿ ಕಾಣುವುದಿಲ್ಲ ಎಂದರು. "ಸರ್, ದೋ ಕುರ್ಸೀ ಔರ್ ಮಂಗವಾ ಲೋ, ಫಿರ್ ಅಚ್ಛಾ ದಿಖೇಗಾ" ಎಂದರು ಅಕ್ಕ. ಕುರ್ಚಿ ಬಂತು.

ಲೋಕಲ್ ಟ್ರೇನು ನಿಂತುಹೋದ ಕೊರೋನಾ ಕಾಲದಲ್ಲಿ ಅವರು ಸೈಕಲ್ ಕೊಂಡದ್ದು. ಊರಿನಲ್ಲಿ ಹೈಸ್ಕೂಲಿಗೆ ಅಣ್ಣನ ಸೈಕಲ್ಲಿನಲ್ಲಿ ಹೋಗುತ್ತಿದ್ದರಂತೆ, ಕಾಲು ಮರೆತಿರಲಿಲ್ಲ. ಟ್ರೇನು ಮತ್ತೆ ಶುರುವಾದ ಮೇಲೂ ಅವರು ಬಿಡಲಿಲ್ಲ. ಆಂಟಾಪ್ ಹಿಲ್‌ನಿಂದ ಸಾಯನ್, ಅಲ್ಲಿಂದ ಧಾರಾವಿ ಬಳಸಿ ಬಾಂದ್ರಾ. ಐವತ್ತು ದಾಟಿದ ಹೆಂಗಸು, ಸಲ್ವಾರಿನ ಕಾಲಿಗೆ ಕ್ಲಿಪ್ಪು ಹಾಕಿಕೊಂಡು, ಟೆಂಪೋ ಟ್ಯಾಂಕರುಗಳ ನಡುವೆ. ಹೆದರಿಕೆ ಆಗುವುದಿಲ್ಲವೇ ಎಂದು ಕೇಳಿದರೆ, "ಸಿಗ್ನಲ್‌ನ್ಯಾಗ ದೊಡ್ಡ ಕಾರಿನಾಂವನೂ ಅಷ್ಟ, ನಾನೂ ಅಷ್ಟ. ಕೆಂಪ ಬಿದ್ರ ಎಲ್ಲಾರೂ ನಿಂದರಬೇಕು" ಎನ್ನುತ್ತಿದ್ದರು. ಬೆವರಿನಲ್ಲಿ ತೊಯ್ದು ಬಂದರೂ ಅವರ ಮುಖದಲ್ಲಿ ಟ್ರೇನಿನಿಂದ ಇಳಿದ ನಮಗೆಲ್ಲ ಇಲ್ಲದ ಒಂದು ಕಳೆ ಇರುತ್ತಿತ್ತು.

ಹೆಲ್ಮೆಟ್ ಇಲ್ಲದೆ ಮಾತ್ರ ಅವರು ಸೈಕಲ್ ಹತ್ತಿದವರಲ್ಲ. ಬಿಲ್ಡಿಂಗಿನ ಗೇಟಿನಿಂದ ಕಿರಾಣಿ ಅಂಗಡಿಗೆ ಹೋಗುವುದಾದರೂ ಅಷ್ಟೆ. "ದಿನಾ ಓದೂದೇನು ನಾನು? ತಲಿ ಒಡದದ್ದ, ತಲಿ ಒಡದದ್ದ. ನನ್ನ ಫೈಲು ಮತ್ತೊಬ್ಬರು ಓದೂದು ಬ್ಯಾಡ."

ಆ ಹೆಲ್ಮೆಟ್ಟಿನಿಂದಲೇ ತೊಂದರೆ ಶುರುವಾಯಿತು. ಮಳೆಗಾಲ ಮುಗಿದು ಅಕ್ಟೋಬರಿನ ಬಿಸಿಲು ಬಿದ್ದಿತ್ತು. ಅಕ್ಕನ ಹಣೆಯ ಮೇಲೆ, ಕೂದಲಿಗೆ ಸ್ವಲ್ಪ ಕೆಳಗೆ, ಅಡ್ಡಕ್ಕೆ ಒಂದು ಕೆಂಪು ಗೆರೆ ಎದ್ದಿತು. ಮೊದಮೊದಲು ಅವರೇ ಅದನ್ನು ತೋರಿಸಿ, "ಕಿರೀಟ ಇಟಗೊಂಡಾಕಿ ನಾನು, ಗುರುತ ಬ್ಯಾಡೇನು?" ಎಂದು ನಗಿಸಿದರು. ಕೆಲವು ದಿನಗಳಲ್ಲಿ ಗೆರೆಯ ಮೇಲೆ ಸಣ್ಣ ಗುಳ್ಳೆಗಳಾದವು, ಕಿವಿಯ ಮುಂದೆ ಮತ್ತು ಗಲ್ಲದ ಕೆಳಗೆ, ಪಟ್ಟಿ ತಾಗುವಲ್ಲೆಲ್ಲ ಚರ್ಮ ಕೆಂಪಾಗಿ ಸುಲಿಯಿತು. ಫೈಲು ಓದುತ್ತ ಓದುತ್ತ ಪೆನ್ನಿನ ತುದಿಯಿಂದ ಹಣೆ ತುರಿಸಿಕೊಳ್ಳುತ್ತಿದ್ದರು.

ಮುಂಬಯಿ ಆಫೀಸಿನಲ್ಲಿ ಒಬ್ಬರಿಗೆ ತುರಿಕೆಯಾದರೆ ಮಹಡಿಗೆಲ್ಲ ಔಷಧಿ ಗೊತ್ತಿರುತ್ತದೆ. ಒಬ್ಬರು ಲಿಂಬೆರಸ ಎಂದರು, ಒಬ್ಬರು ಟಾಲ್ಕಂ ಪೌಡರ್, ನಾನು ತೆಂಗಿನೆಣ್ಣೆ ಹೇಳಿದೆ. ಲಿಂಬೆರಸ ಹಚ್ಚಿದ ದಿನ ಅಕ್ಕ ಕಣ್ಣಲ್ಲಿ ನೀರು ತುಂಬಿಕೊಂಡು ಬಾತ್‌ರೂಮಿಗೆ ಓಡಿದ್ದರು. ಕೊನೆಗೆ ಸ್ಟೇಷನ್ ಹತ್ತಿರದ ಮೆಡಿಕಲ್ಲಿನವನು ಒಂದು ಟ್ಯೂಬು ಕೊಟ್ಟ. ಹಚ್ಚಿದ ಎರಡನೇ ದಿನಕ್ಕೇ ಕೆಂಪು ಇಳಿಯಿತು. ಅಕ್ಕ ಮಹಡಿಗೆಲ್ಲ ಪೇಢಾ ಹಂಚಿದರು. ಟ್ಯೂಬು ಬಿಟ್ಟರೆ ಕೆಂಪು ಮೊದಲಿಗಿಂತ ಜೋರಾಗಿ ಬರುತ್ತಿತ್ತು. ಮತ್ತೆ ಹಚ್ಚುತ್ತಿದ್ದರು, ಮತ್ತೆ ಇಳಿಯುತ್ತಿತ್ತು. ಹೀಗೆ ದೀಪಾವಳಿ ಕಳೆಯಿತು.

ಆಮೇಲೆ ಅಕ್ಕ ಬದಲಾದರು.

ಮಧ್ಯಾಹ್ನದ ಊಟಕ್ಕೆ ನಾವು ನಾಲ್ಕೈದು ಹೆಂಗಸರು ಒಟ್ಟಿಗೆ ಕೂರುವುದು ರೂಢಿ. ಅಕ್ಕ ಜೋಳದ ರೊಟ್ಟಿ ಮುರಿದು, ಶೇಂಗಾ ಚಟ್ನಿ ಉದುರಿಸಿ, ಯಾರನ್ನೂ ಕೇಳದೆ ಎಲ್ಲರ ಡಬ್ಬಿಯ ಮುಚ್ಚಳದ ಮೇಲೆ ಇಡುತ್ತಿದ್ದರು. ಅದು ನಿಂತಿತು. "ಕೆಲಸ ಭಾಳ ಐತಿ" ಎಂದು ತಮ್ಮ ಮೇಜಿನಲ್ಲೇ, ಗೋಡೆಯ ಕಡೆ ತಿರುಗಿ ತಿನ್ನತೊಡಗಿದರು. ಎಲ್ಲರೂ ಬಳಸುವ ಸ್ಟೀಲ್ ಲೋಟ ಬಿಟ್ಟು ಬಾಟಲಿ ತಂದರು. ದುಪಟ್ಟಾವನ್ನು ಹಣೆಯವರೆಗೆ ಎಳೆದುಕೊಂಡು ಕೂರುತ್ತಿದ್ದರು. ಕ್ಲೈಮಿಗೆ ಬಂದವರಿಗೆ ಕುರ್ಚಿ ಈಗಲೂ ಕೊಡುತ್ತಿದ್ದರು, ಆದರೆ ಅದನ್ನು ಮೇಜಿನಿಂದ ದೂರ ಇಡುತ್ತಿದ್ದರು. ನನ್ನಿಂದ ಏನಾದರೂ ತಪ್ಪಾಯಿತೇ ಎಂದು ನಾನು ಒಳಗೇ ಲೆಕ್ಕ ಹಾಕಿದೆ. ಏನೂ ಸಿಗಲಿಲ್ಲ. ನಿವೃತ್ತಿಗೆ ಇನ್ನೂ ಎರಡು ಮೂರು ವರ್ಷ ಇರುವಾಗ ಅಕ್ಕ ವಿ.ಆರ್.ಎಸ್. ತೆಗೆದುಕೊಂಡು ಮೊದಲೇ ಕೆಲಸ ಬಿಡುವ ಬಗ್ಗೆ ವಿಚಾರಿಸುತ್ತಿದ್ದಾರೆ ಎಂದು ಯಾರೋ ಹೇಳಿದಾಗ ನಾನು ನಂಬಲಿಲ್ಲ.

ಒಂದು ದಿನ ಕಾರಿಡಾರಿನಲ್ಲಿ ಎದುರಾದರು. ದುಪಟ್ಟಾದ ನೂಲೊಂದು ಅವರ ಹಣೆಗೆ ಅಂಟಿಕೊಂಡಿತ್ತು. ತೆಗೆಯಲು ಕೈ ಎತ್ತಿದೆ. ಅವರು ಗೋಡೆಗೆ ಬೆನ್ನು ತಾಗುವಷ್ಟು ಹಿಂದಕ್ಕೆ ಸರಿದರು.

"ಮುಟ್ಟಬ್ಯಾಡ" ಎಂದರು.

"ಎಂತ ಆಯ್ತು ಅಕ್ಕ?"

"ಮುಟ್ಟಬ್ಯಾಡ ಅಂದ್ನೆಲ್ಲ."

ನಾನು ಅಲ್ಲೇ ನಿಂತೆ, ಹೋಗಲಿಲ್ಲ. ಕೊನೆಗೆ ಅವರೇ ಮೆಟ್ಟಿಲಿನ ಕಡೆ ನಡೆದರು, ನಾನು ಹಿಂದೆ ಹೋದೆ. ಲಿಫ್ಟ್ ಇರುವುದರಿಂದ ಆ ಮೆಟ್ಟಿಲಿಗೆ ಯಾರೂ ಬರುವುದಿಲ್ಲ. ಕೂತ ಮೇಲೆ ದುಪಟ್ಟಾ ಹಿಂದಕ್ಕೆ ಸರಿಸಿ ಹಣೆ ತೋರಿಸಿದರು. ಕೆಂಪಿನ ನಡುವೆ, ಹುಬ್ಬಿನ ಮೇಲ್ಭಾಗದಲ್ಲಿ, ಹೆಬ್ಬೆರಳಿನಷ್ಟು ಅಗಲ ಚರ್ಮ ಬೆಳ್ಳಗೆ ತಿರುಗಿತ್ತು.

"ನಮ್ಮ ಸ್ವಾದರತ್ತಿಗೆ ಹಿಂಗ ಶುರುವಾಗಿತ್ತು" ಎಂದರು.

ಅವರ ಅಪ್ಪನ ತಂಗಿ ಅದು. ಗಂಡನ ಮನೆಯವರು ಕರೆತಂದು ಬಿಟ್ಟು ಹೋಗಿದ್ದರಂತೆ. ಊರಿನಲ್ಲಿ ಆ ಕಾಯಿಲೆಯ ಹೆಸರು ಹೇಳುತ್ತಿರಲಿಲ್ಲ, ದೊಡ್ಡ ರೋಗ ಎನ್ನುತ್ತಿದ್ದರು. ಹಿತ್ತಲಿನ ದನದ ಕೊಟ್ಟಿಗೆಗೆ ತಡಿಕೆ ಕಟ್ಟಿ ಆಕೆಗೆ ಬೇರೆ ಜಾಗ ಮಾಡಿದ್ದರು. ಊಟ ಒಯ್ಯುವ ಕೆಲಸ ಪುಟ್ಟ ಹುಡುಗಿಯಾಗಿದ್ದ ಅಕ್ಕನದು. ಕಲ್ಲಿನ ಮೇಲೆ ಇಟ್ಟು ಹಿಂದಕ್ಕೆ ಬರಬೇಕು, ಅಷ್ಟೆ.

"ತಡಿಕಿ ಕಟ್ಟೂದಕ್ಕಿಂತ ಮೊದಲ ಒಲಿ ಮ್ಯಾಲಿನ ಕುದಿಯೂ ಗಡಿಗಿ ಬರಿಗೈಲೆ ಇಳಸತಿದ್ಲು ಸುಮತಿ. ನಮ್ಮತ್ತಿ ಎಷ್ಟ ಗಟ್ಟ್ಯಾಕಿ ಅಂತ ನಾ ತಿಳಕೊಂಡಿದ್ದೆ. ಕೈ ಸುಟ್ಟದ್ದ ಆಕಿಗೆ ಗೊತ್ತ ಆಗತಿರಲಿಲ್ಲ ಅಂತ ಆಮ್ಯಾಲ ಯಾರೋ ಹೇಳಿದ್ರು. ನಾ ಶಾಲಿಗೆ ಹೋಗಿದ್ದಾಗ ತೀರಿಕೊಂಡ್ಲು. ಬರೂದ್ರೊಳಗ ತಡಿಕಿ ಸುಟ್ಟಿದ್ರು."

ತಮ್ಮನ ಮನೆಯಲ್ಲಿ ಸಣ್ಣ ಮಕ್ಕಳಿದ್ದರು. ಅಕ್ಕ ಅಲ್ಲೂ ತಟ್ಟೆ ಬೇರೆ ಮಾಡಿಕೊಂಡಿದ್ದರು, ಹಾಸಿಗೆಯನ್ನು ಗ್ಯಾಲರಿಗೆ ಸರಿಸಿದ್ದರು, ಸೆಖೆ ಎಂದು ನೆವ ಹೇಳಿ. ವಿ.ಆರ್.ಎಸ್. ತೆಗೆದುಕೊಂಡು ಎಲ್ಲಾದರೂ ಒಂದು ಖೋಲಿ ಹಿಡಿದು ಒಬ್ಬರೇ ಇರುವುದು ಅವರ ಯೋಚನೆ.

"ಡಾಕ್ಟರಿಗೆ ತೋರಿಸಿದ್ರಾ?" ಎಂದೆ.

"ಇಲ್ಲ. ಡಾಕ್ಟರು ಹೆಸರ ಹೇಳಿದ್ರ ಅದು ಖರೇ ಆಗ್ತೈತಿ. ಹೇಳೂ ತನಕ ಅದು ಬರೇ ಒಂದ ಬಿಳೀ ಕಲಿ."

ಸಮಾಧಾನದ ಮಾತು ಅವರಿಗೆ ನಾಟುವುದಿಲ್ಲ. ಅವರದೇ ಕೆಲಸದ ಮಾತು ನೆನಪಾಯಿತು.

"ಅಕ್ಕ, ಕ್ಲೈಮಿನಲ್ಲಿ ಸಾವಿಗೆ ಕಾರಣ ಏನು ಅಂತ ಮನೆಯವರು ಬಾಯಲ್ಲಿ ಹೇಳಿದ್ರೆ ನೀವು ಬರೀತೀರಾ?"

"ಹೆಂಗ ಬರೀಲಿ? ಡಾಕ್ಟರದು ಕಾಗದ ಬೇಕು."

"ಮತ್ತೆ ನಿಮ್ಮದಕ್ಕೆ ನೀವೇ ಹೇಗೆ ಬರೆದಿರಿ?"

ಅವರು ದುಪಟ್ಟಾ ಮತ್ತೆ ಹಣೆಗೆ ಎಳೆದುಕೊಂಡು ಎದ್ದರು. "ನೀನೂ ನಮ್ಮ ಡಿಪಾರ್ಟ್‌ಮೆಂಟಿಗೆ ಬರಬೇಕಾಗಿತ್ತು" ಎಂದರು. ಅದನ್ನೇ ನಾನು ಒಪ್ಪಿಗೆ ಎಂದು ತಿಳಿದೆ.

ಶನಿವಾರ ಬೆಳಿಗ್ಗೆ ಚೆಂಬೂರಿನ ನಮ್ಮ ಮಾರ್ಕೆಟ್ ರಸ್ತೆಯಲ್ಲಿರುವ ಚರ್ಮದ ಡಾಕ್ಟರ ಹತ್ತಿರ ಹೋದೆವು. ಮಂಗಳೂರು ಕಡೆಯವರ ಮಗಳು, ಇಲ್ಲೇ ಹುಟ್ಟಿದ ಚಿಕ್ಕ ಪ್ರಾಯದ ಹುಡುಗಿ. ಕನ್ನಡ ಅರ್ಥವಾಗುತ್ತದೆ, ಆಡುವಾಗ ತಡವರಿಸುತ್ತಾಳೆ. ಅಕ್ಕ ಸೈಕಲ್ಲಿನಲ್ಲೇ ಬಂದಿದ್ದರು, ಹೆಲ್ಮೆಟ್ ಕೈಯಲ್ಲಿತ್ತು. ಪೇಷಂಟಿನ ಕುರ್ಚಿಯನ್ನು ಹಿಂದಕ್ಕೆ ಎಳೆದು ಕೂತರು.

"ಆಂಟಿ, ಪಾಸ್ ಆಯಿಯೇ. ಅಷ್ಟು ದೂರದಿಂದ ನಂಗೆ ಕಾಣೋದಿಲ್ಲ" ಎಂದಳು ಡಾಕ್ಟರು.

ಅಕ್ಕ ಕದಲಲಿಲ್ಲ. ಡಾಕ್ಟರೇ ಎದ್ದು ಬಂದು, ಕೈಗೆ ಗ್ಲೌಸು ಇಲ್ಲದೆ, ಅವರ ಗಲ್ಲ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಬೆರಳಿನಿಂದ ಕೆಂಪು ಗೆರೆಯ ಉದ್ದಕ್ಕೂ ಸವರಿ, ಬಿಳಿಯ ಜಾಗದಲ್ಲಿ ನಿಲ್ಲಿಸಿ, "ಇದು ಯಾವಾಗಿಂದ?" ಎಂದಳು. ಅಕ್ಕ ನೇರವಾಗಿ ಕೇಳಿದರು, "ಇದು ಕುಷ್ಠ ಹೌದಲ್ಲರಿ?"

ಡಾಕ್ಟರು ನಗಲಿಲ್ಲ. ಅದಕ್ಕಾಗಿ ನಾನು ಆ ಹುಡುಗಿಯನ್ನು ಈಗಲೂ ನೆನೆಸಿಕೊಳ್ಳುತ್ತೇನೆ. "ಚೆಕ್ ಮಾಡೋಣ ಆಂಟಿ. ಆಂಖೇಂ ಬಂದ್" ಎಂದಳು. ಹತ್ತಿಯ ಒಂದು ಎಳೆಯನ್ನು ತೆಗೆದು ಹೊಸೆದು, "ತಾಗಿದಾಗ ಹೂಂ ಅನ್ನಿ" ಎಂದು ಬಿಳಿಯ ಜಾಗಕ್ಕೆ ಮೆಲ್ಲಗೆ ತಾಗಿಸಿದಳು.

"ಹೂಂ" ಎಂದರು ಅಕ್ಕ.

ತಾಗಿಸದೆ ಕಾದಳು. ಅಕ್ಕ ಸುಮ್ಮನಿದ್ದರು. ಅಂಚಿಗೆ ತಾಗಿಸಿದಳು.

"ಹೂಂ."

ನಡುವೆ, ಬದಿಯಲ್ಲಿ, ಕಿವಿಯ ಮುಂದೆ. ಒಂದೊಂದಕ್ಕೂ ಹೂಂ.

"ತುರಿಕೆ ಇದ್ಯಾ?"

"ಜೀವಾ ತಿಂತೈತಿ. ರಾತ್ರಿ ನಿದ್ದಿ ಇಲ್ಲ."

"ಗುಡ್" ಎಂದಳು ಡಾಕ್ಟರು. ಅಕ್ಕ ಕಣ್ಣು ತೆರೆದರು. "ಆಂಟಿ, ಆ ಕಾಯಿಲೆಯ ಪ್ಯಾಚ್ ಸಾಮಾನ್ಯ ತುರಿಸೋದಿಲ್ಲ. ಅಲ್ಲಿ ಫೀಲಿಂಗೇ ಕಮ್ಮಿ ಆಗ್ತದೆ. ನಿಮಗೆ ಒಂದು ಹತ್ತಿ ಎಳೆ ಸಹ ಗೊತ್ತಾಯ್ತು. ಈಗ ಹೆಲ್ಮೆಟ್ ಹಾಕಿ ನೋಡೋಣ."

ಅಕ್ಕ ಹೆಲ್ಮೆಟ್ ಇಟ್ಟುಕೊಂಡರು. ಡಾಕ್ಟರು ಗೋಡೆಯ ಕನ್ನಡಿಯ ಮುಂದೆ ಅವರನ್ನು ನಿಲ್ಲಿಸಿದಳು. ಒಳಗಿನ ಸ್ಪಂಜಿನ ಪಟ್ಟಿ ಎಲ್ಲಿ ಶುರುವಾಗುತ್ತದೋ ಕೆಂಪು ಗೆರೆಯೂ ಅಲ್ಲೇ ಶುರು, ಅದು ಎಲ್ಲಿ ಮುಗಿಯುತ್ತದೋ ಅಲ್ಲೇ ಮುಗಿಯುತ್ತಿತ್ತು. ಗಲ್ಲದ ಕೆಳಗಿನ ಪಟ್ಟಿಯೂ ಹಾಗೆಯೇ.

"ಇದನ್ನು ಯಾವಾಗ ವಾಶ್ ಮಾಡಿದ್ರಿ?" ಎಂದು ಸ್ಪಂಜನ್ನು ಎಳೆದು ತೆಗೆದು ಮೂಗಿನ ಹತ್ತಿರ ಹಿಡಿದಳು.

"ಟೊಪ್ಪಿಗಿ ಯಾರ ತೊಳೀತಾರ?" ಎಂದರು ಅಕ್ಕ.

ದಿನದ ಬೆವರು ಆ ಸ್ಪಂಜಿನಲ್ಲಿ ಇಂಗಿ ಒಣಗದೆ ಉಳಿದಿತ್ತು. ಬಿಗಿಯಾಗಿ ಉಜ್ಜಿ ಉಜ್ಜಿ ಚರ್ಮ ಕೆರಳಿತ್ತು. ಸ್ಪಂಜಿನ ಗೋಂದು ಕೂಡ ಅವರಿಗೆ ಆಗದೆ ಇರಬಹುದು ಎಂದಳು. ಬಿಳಿಯಾಗಿದ್ದಕ್ಕೆ ಕಾರಣ ಮೆಡಿಕಲ್ಲಿನವನ ಟ್ಯೂಬು. ಅದರಲ್ಲಿ ಸ್ಟೀರಾಯ್ಡ್ ಇತ್ತು, ಡಾಕ್ಟರನ್ನು ಕೇಳದೆ ವಾರಗಟ್ಟಲೆ ಹಚ್ಚಿ ಚರ್ಮ ತೆಳುವಾಗಿ ಬಣ್ಣ ಹೋಗಿತ್ತು. ಬಣ್ಣ ತಿರುಗಿ ಬರುತ್ತದೆ, ನಿಧಾನ ಆಗುತ್ತದೆ. ಆ ಟ್ಯೂಬನ್ನು ಬಿಡಿಸಲು ಬೇರೆ ಮುಲಾಮು ಬರೆದುಕೊಟ್ಟು, ಚರ್ಮ ಆರುವವರೆಗೆ ಹೆಲ್ಮೆಟ್ ಬೇಡ ಎಂದಳು.

"ಟೊಪ್ಪಿಗಿ ಇಲ್ಲಂದ್ರ ಸೈಕಲ್ಲೂ ಇಲ್ಲ."

"ಹಾಗಾದ್ರೆ ಸೈಕಲ್ಲೂ ಸ್ವಲ್ಪ ದಿನ ಬೇಡ ಆಂಟಿ. ಲೋಕಲ್ ಹೈ ನಾ."

ಹೊರಡುವಾಗ ಅಕ್ಕ ಬಾಗಿಲಲ್ಲಿ ನಿಂತರು. "ಅದ ರೋಗ ಇದ್ದಿದ್ರ ಏನ ಮಾಡತಿದ್ರಿ?" ಎಂದು ಕೇಳಿದರು.

"ಟ್ಯಾಬ್ಲೆಟ್ಸ್ ಕೊಡ್ತಿದ್ದೆ. ಮನೆಯಲ್ಲೇ ಇದ್ದು ತಗೊಳ್ಳೋದು. ಕ್ಯೂರ್ ಆಗ್ತದೆ. ಯಾರೂ ಅಲಗ್ ಕೂತ್ಕೊಳ್ಳೋದು ಬೇಡ."

ಅಕ್ಕ ತಲೆಯಾಡಿಸಿ ಮೆಟ್ಟಿಲಿಳಿದರು. ಕೆಳಗೆ ಸೈಕಲ್ಲಿನ ಬೀಗ ತೆಗೆಯಲು ಬಗ್ಗಿದವರು ಹಾಗೆಯೇ ಸೀಟಿನ ಮೇಲೆ ಹಣೆಯೂರಿ ಅತ್ತುಬಿಟ್ಟರು. ತರಕಾರಿಯವನು ಮಾರುವುದು ಬಿಟ್ಟು ನೋಡಿದ. ಅವರು ತಲೆಯೆತ್ತಿದ ಮೇಲೆ ಒಂದೇ ಮಾತು ಹೇಳಿದರು. "ಗುಳಿಗಿ ಕೊಟ್ಟಿದ್ರ ಆಕಿ ನಮ್ಮ ಪಂಕ್ತ್ಯಾಗ ಕುಂತು ಉಣತಿದ್ಲು." ಆಮೇಲೆ ಮೂಗು ಒರೆಸಿಕೊಂಡು, "ನನಗ ಭಾಳ ಹಸಿವ್ಯಾಗೇತಿ" ಎಂದರು.

ಎದುರಿನ ಹೋಟೆಲಿಗೆ ಹೋದೆವು. ಗಲ್ಲಾದಲ್ಲಿದ್ದ ಯಜಮಾನರು ನಮ್ಮ ಉಡುಪಿ ಕಡೆಯವರು. ಮಸಾಲೆ ದೋಸೆ ತಿಂದು, ಇಡ್ಲಿ ತಿಂದು, ಅಕ್ಕ ಶಿರಾ ಹೇಳಿದರು. ನಡುನಡುವೆ ಹಣೆ ತುರಿಸಿಕೊಂಡು, "ತುರಿಸ್ಲಿ ಬಿಡು. ಇಷ್ಟ ದಿನಾ ಬೈದೆ ಪಾಪ ಅದಕ್ಕ" ಎಂದು ಒಬ್ಬರೇ ನಗುತ್ತಿದ್ದರು. ಅವರು ಹಾಗೆ ನಗುವುದನ್ನು ನೋಡಿ ನನ್ನ ಹೆಗಲ ಮೇಲಿದ್ದ ಏನೋ ಒಂದು ಇಳಿದಂತಾಯಿತು. ಸೋಮವಾರ ನಮ್ಮ ಡಬ್ಬಿಯ ಮುಚ್ಚಳಗಳ ಮೇಲೆ ರೊಟ್ಟಿ ಬಂದಿತ್ತು. ಯಾರೂ ಏನೂ ಕೇಳಲಿಲ್ಲ, ತಿಂದರು.

ಚರ್ಮ ಆರುವವರೆಗೆ ಅವರು ಲೋಕಲ್ಲಿನಲ್ಲಿ ಬಂದರು, ಪ್ರತಿ ದಿನ ಬೈದುಕೊಂಡು. ಆ ದಿನಗಳಲ್ಲೇ ಹೆಲ್ಮೆಟ್ಟಿನ ಏರ್ಪಾಡೂ ಆಯಿತು. ಸ್ಪಂಜು ಹೊಸದು ಹಾಕಿಸಿದರು. ಮೆತ್ತಗಾದ ಹಳೆಯ ಕಾಟನ್ ಸೀರೆಯೊಂದನ್ನು ಹರಿದು, ತಲೆಗೆ ಕಟ್ಟಲು ಪಟ್ಟಿಗಳನ್ನೂ ಗಲ್ಲದ ಬೆಲ್ಟಿಗೆ ತೊಡಿಸುವ ಸಣ್ಣ ಗವಸುಗಳನ್ನೂ ಹೊಲಿದರು. ಒಂದು ದಿನ ಕಟ್ಟಿದ್ದನ್ನು ಮರುದಿನ ಕಟ್ಟುವುದಿಲ್ಲ. ಆಫೀಸಿಗೆ ಬಂದವರೇ ಮುಖ ತೊಳೆದು, ಸ್ಪಂಜನ್ನು ಬಿಡಿಸಿ, ಫೈಲಿನ ಕ್ಲಿಪ್ಪಿನಿಂದ ಕಿಟಕಿಗೆ ಸಿಕ್ಕಿಸಿ ಒಣಗಿಸುತ್ತಿದ್ದರು. ಮ್ಯಾನೇಜರು ಒಮ್ಮೆ ಅದನ್ನು ನೋಡಿ ಇದೇನೆಂದು ಕೇಳಿದರು. "ಸರ್, ಯೇ ಮೇರಾ ಪೆಂಡಿಂಗ್ ಹೈ. ಶಾಮ್ ತಕ್ ಕ್ಲಿಯರ್ ಹೋ ಜಾಯೇಗಾ" ಎಂದರು ಅಕ್ಕ. ಬೇಸಿಗೆ ಬರುವಷ್ಟರಲ್ಲಿ ಬಿಳಿಯ ಜಾಗ ಅಂಚಿನಿಂದ ಮೆಲ್ಲಗೆ ಮೈಬಣ್ಣಕ್ಕೆ ತಿರುಗುತ್ತ ಬಂತು. ವಿ.ಆರ್.ಎಸ್. ಮಾತು ಮತ್ತೆ ಎತ್ತಲಿಲ್ಲ. ಕೆಲಸ ಪೂರಾ ಮುಗಿಸಿಯೇ ಈಚೆಗೆ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಭಾಷಣ ಮಾಡಿ ಎಂದಾಗ ಎದ್ದು ನಿಂತು, "ಎಲ್ಲಾರೂ ಟೊಪ್ಪಿಗಿ ಹಾಕ್ರಿ" ಎಂದು ಕನ್ನಡದಲ್ಲಿ ಹೇಳಿ ಕೂತರು. ಅನುವಾದ ನಾನು ಮಾಡಬೇಕಾಯಿತು.

ಹೋದ ವಾರ ನಮ್ಮ ಮನೆಗೆ ಬಂದಿದ್ದರು, ಆಂಟಾಪ್ ಹಿಲ್‌ನಿಂದ ಚೆಂಬೂರಿಗೆ ಸೈಕಲ್ಲಿನಲ್ಲೇ. ನನ್ನ ತಾಯಿಗೆ ಈಗ ಕಣ್ಣು ಮಂದ, ಯಾರು ಬಂದರೂ ಹತ್ತಿರ ಕರೆದು ಮುಖ ಮುಟ್ಟಿ ನೋಡುತ್ತಾರೆ. ಅಕ್ಕನನ್ನೂ ಕರೆದರು. ಅಕ್ಕ ಹೋಗಿ ಅವರ ಮಂಚದ ಪಕ್ಕ ನೆಲದ ಮೇಲೆ ಕೂತು ಮುಖವೊಡ್ಡಿದರು. ಅಮ್ಮನ ಬೆರಳು ಕೆನ್ನೆಯಿಂದ ಮೇಲಕ್ಕೆ ಹೋಗಿ ಹಣೆಯಲ್ಲಿ ನಿಂತಿತು.

"ಇದೆಂತ ಮಗಾ, ಗೆರೆ ಬಿದ್ದ ಹಾಗೆ ಉಂಟಲ್ಲ?"

"ಟೊಪ್ಪಿಗಿದ್ರೀ ಅವ್ವಾರ. ಚಾ ಕುಡ್ಯೂದ್ರಾಗ ಹೋಗ್ತೈತಿ" ಎಂದರು ಅಕ್ಕ.

ಅಮ್ಮ ಕೈ ತೆಗೆಯಲಿಲ್ಲ. ನಾನು ಚಹಾ ತಂದೆ. ಅಕ್ಕ ಅಲ್ಲೇ ಕೂತು, ಅಮ್ಮನ ಕೈ ಹಣೆಯ ಮೇಲೆ ಇದ್ದ ಹಾಗೆಯೇ, ಕಪ್ಪಿನಿಂದ ಬಸಿಗೆ ಸುರಿದುಕೊಂಡು ನಿಧಾನವಾಗಿ ಕುಡಿದರು. ಬಸಿ ಕೆಳಗಿಡುವಾಗ ಅಮ್ಮನ ಕೈ ಸರಿಯಿತು. ನೋಡಿದೆ, ಗೆರೆ ಹೋಗಿತ್ತು.